ಊರೂರು ಸುತ್ತುವ ತಾಂತ್ರಿಕ ಸಹಾಯಕರು ಮತ್ತು ನಮ್ಮ ಸಂಘಗಳು

(ಹಾಲು ಉತ್ಪಾದಕರ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ತರಬೇತಿ ಸಭೆಯಲ್ಲಿ ನಿವೃತ್ತ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣ)



ಹಸುವಿಗೆ ಕೆಚ್ಚಲು ಬಾವು ಬಂದರೆ ಯಾರನ್ನು ಕರೆಯಬೇಕೆಂಬುದು ನಿಮಗೆಲ್ಲ ಗೊತ್ತಿದೆ. ಬೆದೆಗೆ ಬಂದರೆ ಯಾರಿಗೆ ಹೇಳಿ ಕಳಿಸಬೇಕೆಂಬುದೂ ಗೊತ್ತಿದೆ. ಆದರೆ ಬೆಳಿಗ್ಗೆ 6 ಗಂಟೆಗೆ ಹೊರಗೆ ಮೂವತ್ತು ಜನ ಹಾಲು ಹಿಡಿದು ನಿಂತಿರುವಾಗ, ಒಳಗೆ ಸಂಘದ ಕಂಪ್ಯೂಟರು ಕಣ್ಣು ಬಿಡದೆ ಕುಳಿತರೆ ಯಾರನ್ನು ಕರೆಯುತ್ತೀರಿ? ಮಾರಿದವರಿಗೆ ಫೋನು ಮಾಡಿದರೆ ಪಟ್ಟಣಕ್ಕೆ ತನ್ನಿ ಎನ್ನುತ್ತಾರೆ. ಹಾಲು ಅಷ್ಟು ಹೊತ್ತು ಕಾಯುವುದಿಲ್ಲ.

ನಾನು ಸೇವೆಯಲ್ಲಿದ್ದಾಗ ನಡೆದ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಡಿಪ್ಲೊಮಾ ಓದಿದ ಒಬ್ಬ ಹುಡುಗನಿದ್ದ. ಬೈಕಿನಲ್ಲಿ ಸುತ್ತಲಿನ ನಾಲ್ಕು ಸಂಘಗಳಿಗೆ ಹೋಗಿ ಕಂಪ್ಯೂಟರು, ಪ್ರಿಂಟರು, ತೂಕದ ಯಂತ್ರ ಏನು ಕೆಟ್ಟರೂ ಸರಿಮಾಡಿ ಕೊಡುತ್ತಿದ್ದ. ಒಂದು ಲೋಟ ಕಾಫಿಗಿಂತ ಹೆಚ್ಚು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇಂಥವನೊಬ್ಬ ಊರಿಗೊಬ್ಬ ಇರಬೇಕು ಎಂದು ನಾನೂ ಅವನ ಬೆನ್ನು ತಟ್ಟಿ ಬಂದಿದ್ದೆ. ಎರಡು ವರ್ಷದ ಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಜೊತೆಗೆ ಪಾಸ್‌ವರ್ಡೂ ಹೋಯಿತು. ಅದು ಅವನ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರು ಸುಟ್ಟಾಗ, ಅವನು ಎಲ್ಲೋ ತೆಗೆದಿಟ್ಟಿದ್ದ ನಕಲನ್ನು ತೆರೆಯಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅವನ ಫೋನು ನಂಬರು ಬದಲಾಗಿತ್ತು. ಬಟವಾಡೆಗೆ ಮೂರು ದಿನ ಉಳಿದಿತ್ತು.

ಸದಸ್ಯರ ಹತ್ತಿರವಿದ್ದ ಚೀಟಿಗಳಿಂದ ಲೆಕ್ಕ ಕಟ್ಟೋಣವೆಂದು ಹೊರಟೆವು. ಆಗ ಗೊತ್ತಾಯಿತು, ಯಂತ್ರದಿಂದ ಬರುವ ಆ ನುಣುಪು ಚೀಟಿಯ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ ಎಂದು. ಶಾಖ ತಗುಲಿ ಅಕ್ಷರ ಮೂಡುವ ಕಾಗದ ಅದು. ಒಲೆಯ ಪಕ್ಕದ ಗೂಡಿನಲ್ಲಿಟ್ಟವರ ಚೀಟಿಗಳು ಪೂರ್ತಿ ಕಪ್ಪಾಗಿದ್ದವು. ಇಡೀ ಊರಿನಲ್ಲಿ ಒಬ್ಬ ಅಜ್ಜಿಯ ಲೆಕ್ಕ ಮಾತ್ರ ಸರಿಯಾಗಿತ್ತು. ಪ್ರತಿದಿನದ ಚೀಟಿಯನ್ನು ಸೊಸೆಯಿಂದ ಹಳೆಯ ನೋಟುಬುಕ್ಕಿನಲ್ಲಿ ಬರೆಸಿಟ್ಟಿದ್ದರು. ಉಳಿದವರಿಗೆ ಹಿಂದಿನ ತಿಂಗಳ ಸರಾಸರಿ ಹಿಡಿದು ಕೊಟ್ಟೆವು. ಕೆಲವರಿಗೆ ಲಾಭವಾಯಿತು, ಕೆಲವರಿಗೆ ನಷ್ಟವಾಯಿತು, ಎಲ್ಲರಿಗೂ ಅನುಮಾನ ಉಳಿಯಿತು. ಇಬ್ಬರು ಸದಸ್ಯರು ಹಾಲು ಹಾಕುವುದನ್ನೇ ಬಿಟ್ಟರು. ಹುಡುಗನದು ತಪ್ಪು ಎಂದು ನಾನು ಇಂದಿಗೂ ಹೇಳಲಾರೆ. ಅವನಿಂದ ಬರೆಸಿಟ್ಟುಕೊಳ್ಳಬೇಕೆಂದು ನನಗೆ ತೋಚಲಿಲ್ಲ.

ಈ ತೊಂದರೆ ನಮ್ಮೊಬ್ಬರದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಒಬ್ಬ ನೌಕರ, ಒಂದು ಕೊಠಡಿ, ಒಂದು ಕಂಪ್ಯೂಟರು ಇರುವ ಸಣ್ಣ ಸಂಸ್ಥೆಗಳು ಎಲ್ಲ ದೇಶದಲ್ಲೂ ಇವೆ. ಅಮೆರಿಕದಲ್ಲಿ ಅಂಥವರಿಗೆ ನೆರವಾಗಲು ಸುತ್ತುವ ತಾಂತ್ರಿಕ ಸಹಾಯಕರನ್ನು ‘ಸರ್ಕ್ಯೂಟ್ ರೈಡರ್’ ಎನ್ನುತ್ತಾರೆ. ಈ ಹೆಸರಿನ ಮೂಲ ಕುದುರೆಯಲ್ಲಿದೆ. ಊರಿಗೊಬ್ಬ ಪಾದ್ರಿಯನ್ನು ಸಾಕುವ ಶಕ್ತಿ ಇಲ್ಲದ ಹೊಸ ಹಳ್ಳಿಗಳಿಗೆ ಮೆಥಡಿಸ್ಟ್ ಪಂಥದ ಬೋಧಕರು ಕುದುರೆಯೇರಿ ಸರದಿಯ ಮೇಲೆ ಹೋಗುತ್ತಿದ್ದರು. ಫ್ರಾನ್ಸಿಸ್ ಆಸ್ಬರಿ ಎಂಬವರು 1771ರಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ಹೋದವರು, 1816ರಲ್ಲಿ ತೀರಿಕೊಳ್ಳುವವರೆಗೂ ಹೀಗೆ ಸುತ್ತಿದರು. ನಮ್ಮ ಕಡೆ ಜಂಗಮರು ಊರಿಂದೂರಿಗೆ ನಡೆಯುತ್ತಿದ್ದುದನ್ನು ನೆನೆದುಕೊಳ್ಳಿ.

1980ರಿಂದ ಅಲ್ಲಿನ ಕೃಷಿ ಇಲಾಖೆ ಇದೇ ಹೆಸರಿನಲ್ಲಿ ಹಳ್ಳಿಗಳ ಕುಡಿಯುವ ನೀರಿನ ಸಂಸ್ಥೆಗಳಿಗೆ ತಂತ್ರಜ್ಞರನ್ನು ಕಳಿಸತೊಡಗಿತು. ಪಂಪು, ಕ್ಲೋರಿನ್, ಕೊಳವೆ ಸೋರಿಕೆ, ಲೆಕ್ಕಪತ್ರ ಎಲ್ಲಕ್ಕೂ ಅವರೇ. ಮುಂದೆ 1990ರ ದಶಕದ ನಡುವಿನಲ್ಲಿ ಕೆಲವು ದತ್ತಿ ಸಂಸ್ಥೆಗಳು, ತಾವು ಹಣ ಕೊಡುತ್ತಿದ್ದ ಸಣ್ಣ ಪರಿಸರ ಸಂಘಗಳಿಗೆ ಕಂಪ್ಯೂಟರು ಕಲಿಸಲು ಇಂಥವರನ್ನು ನೇಮಿಸಿದವು. ಕಂಪ್ಯೂಟರು ಕೊಳ್ಳಲು ಹಣ ಕೊಟ್ಟರೆ ಸಾಲದು, ಅದು ಮೂಲೆ ಸೇರುತ್ತದೆ ಎಂದು ಅವರಿಗೆ ಅರಿವಾಗಿತ್ತು. ಬ್ರಿಟನ್ನಿನಲ್ಲಿ, ಬಡವರಿಗೆ ಸರ್ಕಾರಿ ಸವಲತ್ತಿನ ಸಲಹೆ ಕೊಡುವ ಕೇಂದ್ರಗಳಿಗೆ ಬೆಂಬಲವಾಗಿದ್ದ ಲಂಡನ್ನಿನ ‘ಲಾಸಾ’ ಸಂಸ್ಥೆ ಈ ಪದ್ಧತಿಯನ್ನು ಬೆಳೆಸಿತು.

ಅವರ ಕೆಲಸದ ರೀತಿಯಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಅವರು ಬಂದ ಕೂಡಲೇ ಯಂತ್ರಕ್ಕೆ ಕೈ ಹಾಕುವುದಿಲ್ಲ. ನಿಮ್ಮ ಸಂಘದ ಕೆಲಸವೇನು, ಯಾರು ಮಾಡುತ್ತಾರೆ, ಎಲ್ಲಿ ತಡೆಯುತ್ತದೆ ಎಂದು ಮೊದಲು ಕೇಳುತ್ತಾರೆ. ಯಂತ್ರ ಮಾರುವವನಿಗೂ ಅವರಿಗೂ ಸಂಬಂಧ ಇರುವುದಿಲ್ಲ, ಆದ್ದರಿಂದ ‘ಇದು ನಿಮಗೆ ಬೇಡ’ ಎಂದು ಹೇಳಬಲ್ಲರು. ನಮ್ಮಲ್ಲಿ ಈ ಮಾತು ಹೇಳುವವರಿಲ್ಲದೆ ಎಷ್ಟು ಸಂಘಗಳಲ್ಲಿ ಎರಡನೆಯ ಪ್ರಿಂಟರು ಪೆಟ್ಟಿಗೆಯಲ್ಲೇ ಇದೆ ಎಂಬುದು ನಿಮಗೇ ಗೊತ್ತು. ಹೊರಡುವ ಮುನ್ನ ತಾವು ಮಾಡಿದ್ದನ್ನು ಬರೆದಿಟ್ಟು ಹೋಗುವುದನ್ನೂ ಅವರು ಕೆಲಸದ ಭಾಗವೆಂದೇ ತಿಳಿಯುತ್ತಾರೆ. ತಾನು ಬಂದು ಸರಿಮಾಡುವುದಕ್ಕಿಂತ, ತಾನಿಲ್ಲದಾಗ ಸಂಘದವರು ಸರಿಮಾಡಿಕೊಳ್ಳುವುದೇ ಅವರ ಲೆಕ್ಕದಲ್ಲಿ ಹೆಚ್ಚು.

ಇದನ್ನು ಹಾಲು ಪರೀಕ್ಷೆಯ ಯಂತ್ರಕ್ಕೆ ಹಿಡಿದು ನೋಡಿ. ಗರ್ಬರ್ ವಿಧಾನದಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಯಂತ್ರದಲ್ಲಿ ತಿರುಗಿಸಿ ಜಿಡ್ಡು ಓದುತ್ತಿದ್ದೆವು. ಕೈ ಸುಟ್ಟುಕೊಂಡವರು ಇಲ್ಲಿ ಇನ್ನೂ ಇದ್ದಾರೆ. ಆದರೂ ಜಿಡ್ಡಿನ ಗೆರೆ ಕಣ್ಣಿಗೆ ಕಾಣುತ್ತಿತ್ತು, ಸದಸ್ಯನೂ ಬಗ್ಗಿ ನೋಡಬಹುದಿತ್ತು. ಈಗಿನ ಯಂತ್ರ ಹಾಲಿನೊಳಗೆ ಶಬ್ದದ ಅಲೆ ಹಾಯಿಸಿ ಒಂದು ನಿಮಿಷದೊಳಗೆ ಜಿಡ್ಡು, ಎಸ್.ಎನ್.ಎಫ್. ಎರಡನ್ನೂ ತೋರಿಸುತ್ತದೆ. ಬಹಳ ಅನುಕೂಲ. ಆದರೆ ಒಳಗಿನ ಸಣ್ಣ ಕೊಳವೆಯನ್ನು ಹೊತ್ತುಹೊತ್ತಿಗೂ ಬಿಸಿನೀರಿನಿಂದಲೂ, ಕಂಪನಿ ಹೇಳಿದ ದ್ರಾವಣದಿಂದಲೂ ತೊಳೆಯದಿದ್ದರೆ ಹಾಲಿನ ಪೊರೆ ಕಟ್ಟಿ ಅಂಕಿ ತಪ್ಪುತ್ತದೆ. ಯಂತ್ರ ಮಾತ್ರ ತಪ್ಪು ಅಂಕಿಯನ್ನೂ ಅಷ್ಟೇ ಧೈರ್ಯದಿಂದ ತೋರಿಸುತ್ತದೆ! ಮೂರು ಪಾಯಿಂಟು ಕಡಿಮೆ ಬಂದರೆ ಸದಸ್ಯ ತನ್ನ ಹಸುವನ್ನು ಬೈಯುತ್ತಾನೆ, ಇಲ್ಲವೆ ಕಾರ್ಯದರ್ಶಿಯನ್ನು ಬೈಯುತ್ತಾನೆ. ಕೊಳವೆಯನ್ನು ಯಾರೂ ಬೈಯುವುದಿಲ್ಲ.

ಒಳ್ಳೆಯ ಸಹಾಯಕ ಬಂದರೆ ಏನು ಮಾಡಬೇಕು? ತಾನೇ ತೊಳೆದು ಹೋದರೆ ಮುಂದಿನ ತಿಂಗಳು ಮತ್ತೆ ಅದೇ ಕಥೆ. ಕಾರ್ಯದರ್ಶಿಯ ಕೈಯಿಂದಲೇ ತೊಳೆಯಿಸಬೇಕು. ಒಂದೇ ಮಾದರಿಯನ್ನು ಮೂರು ಸಲ ಹಾಕಿಸಿ, ಅಂಕಿ ಒಂದೇ ಬರುತ್ತದೆಯೋ ಎಂದು ತೋರಿಸಬೇಕು. ಅದೇ ಹಾಲನ್ನು ಗರ್ಬರ್‌ನಲ್ಲಿ ಪರೀಕ್ಷಿಸಿ ಹೋಲಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆಸಬೇಕು. ಸಾಧ್ಯವಾದರೆ ನಾಲ್ಕು ಜನ ಸದಸ್ಯರ ಎದುರಿಗೇ ಆಗಲಿ.

ಇನ್ನು ಹಣದ ಮಾತು. ಬ್ರಿಟಿಷ್ ಸರ್ಕಾರ 2004ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬೆಂಬಲ ಕೊಡಲು ‘ಚೇಂಜ್‌ಅಪ್’ ಎಂಬ ಕಾರ್ಯಕ್ರಮ ಹೂಡಿತು, ಅದರಲ್ಲಿ ಕಂಪ್ಯೂಟರ್ ನೆರವಿಗೂ ಪಾಲಿತ್ತು. ಅದನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆಯನ್ನು 2011ರಲ್ಲಿ ಮುಚ್ಚಿದರು. ಅನುದಾನ ನಿಂತ ದಿನ ಅನುದಾನದ ಕುದುರೆಯೂ ನಿಲ್ಲುತ್ತದೆ. ಅಮೆರಿಕದ ನೀರಿನ ಸಹಾಯಕರು ಇಷ್ಟು ಕಾಲ ಉಳಿದಿದ್ದಾರೆ. ಅವರಿಗೂ ಸರ್ಕಾರದ ಹಣ ಇದೆ, ಆದರೆ ಅವರು ಕೆಲಸ ಮಾಡುವುದು ನೀರಿನ ಸಂಸ್ಥೆಗಳೇ ಸದಸ್ಯರಾಗಿರುವ ರಾಜ್ಯ ಸಂಘಗಳ ಮೂಲಕ. ನೆರವು ಪಡೆಯುವವನೇ ಒಡೆಯನೂ ಆಗಿರುವ ಈ ವ್ಯವಸ್ಥೆ ನಮಗೆ ಹೊಸದಲ್ಲ. 1946ರಲ್ಲಿ ಆಣಂದದಲ್ಲಿ ಆರಂಭವಾದ ಪದ್ಧತಿಯೇ ಅದು. ಪಶುವೈದ್ಯರ ವಾಹನವನ್ನು ಮಾರ್ಗ ಹಾಕಿ ಹಳ್ಳಿಗೆ ಕಳಿಸಬಹುದಾದರೆ, ಅದೇ ಮಾರ್ಗದಲ್ಲಿ ಸ್ಕ್ರೂಡ್ರೈವರು ಹಿಡಿದವನನ್ನೂ ಕಳಿಸಬಹುದು. ಹತ್ತು ಹದಿನೈದು ಸಂಘ ಸೇರಿ ಒಬ್ಬನನ್ನು ಇಟ್ಟುಕೊಂಡರೆ ಯಾವ ಸಂಘಕ್ಕೂ ಭಾರವಾಗದು. ಸಂಬಳವನ್ನು ಸಂಘಗಳೇ ಕೊಡಬೇಕು. ಯಂತ್ರ ಮಾರುವವರು ಕೊಡಬಾರದು. ಹೆಣ್ಣುಮಕ್ಕಳನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳಿ, ಮಹಿಳಾ ಸಂಘಗಳ ಕಾರ್ಯದರ್ಶಿಗಳು ಅವರ ಹತ್ತಿರ ಸಂಕೋಚವಿಲ್ಲದೆ ಕೇಳಿಯಾರು. ನಮ್ಮ ನಿರ್ದೇಶಕರಲ್ಲಿ ಕೆಲವರು ಇದು ಅನವಶ್ಯಕ ಖರ್ಚು ಎನ್ನಬಹುದು. ಸರ್ಕಾರದ ಪ್ರೋತ್ಸಾಹಧನ ಸದಸ್ಯರ ಖಾತೆಗೆ ಹೋಗುವುದು ಸಂಘ ಕಳಿಸುವ ಲೆಕ್ಕದ ಮೇಲೆ ಎಂಬುದನ್ನು ಅವರಿಗೆ ನೆನಪಿಸಿ.

ಅಂಥವನು ಬರುವವರೆಗೆ ಕಾಯಬೇಕಾಗಿಲ್ಲ. ನಾಳೆಯೇ ಪಾಸ್‌ವರ್ಡುಗಳನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗು ಒತ್ತಿ, ಅಧ್ಯಕ್ಷರ ಸಹಿಯೊಡನೆ ಬೀರುವಿನಲ್ಲಿಡಿ. ವಾರಕ್ಕೊಮ್ಮೆ ಲೆಕ್ಕದ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಬೇರೊಬ್ಬರ ಮನೆಯಲ್ಲಿಡಿ. ಸಂಘದ ಕಟ್ಟಡದಲ್ಲೇ ಇಟ್ಟರೆ ಸಿಡಿಲು ಎರಡನ್ನೂ ಸುಡುತ್ತದೆ. ತಿಂಗಳಿಗೊಮ್ಮೆ ಆ ನಕಲು ತೆರೆಯುತ್ತದೆಯೇ ಎಂದು ತೆರೆದು ನೋಡಿ. ಸದಸ್ಯರಿಗೂ ಹೇಳಿ, ಚೀಟಿ ನಂಬಿ ಕೂರಬೇಡಿ, ಆ ಅಜ್ಜಿಯ ಹಾಗೆ ಬರೆದಿಟ್ಟುಕೊಳ್ಳಿ ಎಂದು.

ಪಕ್ಕದ ಕೊಠಡಿಯಲ್ಲಿ ಒಂದು ಪರೀಕ್ಷಾ ಯಂತ್ರ ಇಡಿಸಿದ್ದೇವೆ. ಊಟವಾದ ಮೇಲೆ ಕಾರ್ಯದರ್ಶಿಗಳು ಒಬ್ಬೊಬ್ಬರಾಗಿ ಬಂದು ಅದನ್ನು ಕೈಯಾರೆ ತೊಳೆದು, ಒಂದೇ ಹಾಲನ್ನು ಮೂರು ಸಲ ಹಾಕಿ ನೋಡಬೇಕು. ಅಧ್ಯಕ್ಷರೂ ಬರಬಹುದು.