ಮೂಲ ಎಲ್ಲಿದೆ?

ಕೋಲ್ಕತ್ತದ ಆಲಿಪುರದಲ್ಲಿ ಬೆಲ್ವೆಡೇರ್ ಎಂಬ ದೊಡ್ಡ ಹಳೆಯ ಬಂಗಲೆಯ ಆವರಣವಿದೆ. ನಮ್ಮ ದೇಶದ ರಾಷ್ಟ್ರೀಯ ಗ್ರಂಥಾಲಯ ಇರುವುದು ಅಲ್ಲೇ. 1954ರಲ್ಲಿ ಬಂದ ಕಾನೂನಿನ ಪ್ರಕಾರ ಭಾರತದಲ್ಲಿ ಯಾವ ಪುಸ್ತಕ ಅಚ್ಚಾದರೂ ಅದರ ಒಂದು ಪ್ರತಿ ಈ ಗ್ರಂಥಾಲಯಕ್ಕೆ ಹೋಗಬೇಕು. ಹಾಗಾಗಿ ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕಗಳೂ ಹೂಗ್ಲಿ ನದಿಯ ದಂಡೆಯ ಆ ಊರಿಗೆ ಪ್ರಯಾಣ ಮಾಡುತ್ತವೆ. ಅವುಗಳಿಗಾಗಿ ಅಲ್ಲಿ ಕನ್ನಡ ವಿಭಾಗವೇ ಇದೆ. ಎಲ್ಲ ಭಾಷೆಗಳದ್ದೂ ಸೇರಿದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪುಸ್ತಕಗಳು!

ಅಷ್ಟು ಪುಸ್ತಕಗಳ ನಡುವೆ ಓದುಗರೇ ಹೋಗಿ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ. ಬೇಕಾದ ಪುಸ್ತಕದ ವಿವರವನ್ನು ಚೀಟಿಯಲ್ಲಿ ಬರೆದುಕೊಟ್ಟು ಕಾಯಬೇಕು. ಸಿಬ್ಬಂದಿ ಒಳಗಿನ ಕಪಾಟುಗಳಿಂದ ಅದನ್ನು ತಂದುಕೊಡುತ್ತಾರೆ. ಹೀಗೆ ಕಾದು ಪಡೆದ ಪುಸ್ತಕವನ್ನು ಒಂದು ಪುಟ ಓದಿದ ಕೂಡಲೇ ಹಿಂದಿರುಗಿಸಿ, ಎರಡನೆಯ ಪುಟಕ್ಕಾಗಿ ಇನ್ನೊಂದು ಚೀಟಿ ಬರೆಯುವವರು ಯಾರಿದ್ದಾರೆ? ಕೆಲಸ ಮುಗಿಯುವವರೆಗೆ ಅದು ಓದುವ ಮೇಜಿನ ಮೇಲೇ ಇರುತ್ತದೆ.

ಮಕ್ಕಳೇ, ನಿಮ್ಮ ಕಂಪ್ಯೂಟರಿನಲ್ಲಿರುವ ಬ್ರೌಸರ್ ಕೂಡ ಇಂಥದೇ ಒಂದು ಮೇಜನ್ನು ಇಟ್ಟುಕೊಂಡಿದೆ. ಅದರ ಹೆಸರು ಕ್ಯಾಶ್. ನೀವು ಒಂದು ಜಾಲತಾಣವನ್ನು ತೆರೆದಾಗ ಅದರ ಚಿತ್ರಗಳು, ಅಕ್ಷರಗಳ ಆಕಾರ ಹೇಳುವ ಫಾಂಟ್ ಫೈಲುಗಳು, ಪುಟದ ಬಣ್ಣ ಮತ್ತು ಜೋಡಣೆಯನ್ನು ಹೇಳುವ ಫೈಲುಗಳು ಎಲ್ಲವೂ ಎಲ್ಲೋ ದೂರದ ಸರ್ವರ್ ಎಂಬ ಕಂಪ್ಯೂಟರಿನಿಂದ ಬರುತ್ತವೆ. ಬ್ರೌಸರ್ ಅವನ್ನು ತೋರಿಸಿ ಸುಮ್ಮನಾಗುವುದಿಲ್ಲ. ಒಂದೊಂದು ಪ್ರತಿಯನ್ನು ನಿಮ್ಮ ಕಂಪ್ಯೂಟರಿನ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ನಾಳೆ ಅದೇ ಪುಟಕ್ಕೆ ಹೋದರೆ ಆ ಪ್ರತಿಗಳನ್ನೇ ತೆಗೆದು ತೋರಿಸುತ್ತದೆ.

ಗ್ರಂಥಾಲಯಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ, ಅದು ಬಹಳ ಮುಖ್ಯವಾದದ್ದು. ಗ್ರಂಥಾಲಯದ ಮೇಜಿಗೆ ಬರುವುದು ಪುಸ್ತಕವೇ. ಅದು ಹರಿದುಹೋದರೆ ನಷ್ಟ. ಬ್ರೌಸರಿನ ಮೇಜಿಗೆ ಬರುವುದು ಬರೀ ನಕಲು. ಮೂಲ ಸರ್ವರಿನಲ್ಲಿ ತನ್ನ ಜಾಗದಿಂದ ಅಲುಗಿಯೇ ಇರುವುದಿಲ್ಲ. ಕ್ಯಾಶ್ ಅಳಿಸಲು ಹೆದರಬೇಕಿಲ್ಲ ಎನ್ನುವುದು ಇದೇ ಕಾರಣಕ್ಕೆ.

ದೂರದಿಂದ ತರಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡೋಣ. ಗಾಜಿನ ಎಳೆಯ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೋಲ್ಕತ್ತದಿಂದ ಅಮೆರಿಕದ ಪೂರ್ವ ಕರಾವಳಿ ನೇರ ಗೆರೆಯಲ್ಲೇ ಸುಮಾರು 13,000 ಕಿಲೋಮೀಟರ್. ಹೋಗಿ ಬರಲು 26,000. ಅಂದರೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸೆಕೆಂಡಿನ ಎಂಟನೇ ಒಂದು ಭಾಗವಾದರೂ ಬೇಕೇ ಬೇಕು. ಈ ಗಾಜಿನ ಕೇಬಲಿನಲ್ಲಿ ಅದಕ್ಕಿಂತ ಬೇಗ ಬರುವಂತೆ ಯಾವ ಎಂಜಿನಿಯರೂ ಮಾಡಲಾರರು, ಬೆಳಕಿನ ವೇಗವೇ ಅಡ್ಡ ನಿಲ್ಲುತ್ತದೆ. ಒಂದು ಪುಟದಲ್ಲಿ ಹತ್ತಾರು ಚಿತ್ರಗಳಿದ್ದರೆ ಕಾಯುವ ಹೊತ್ತು ಇನ್ನಷ್ಟು ಬೆಳೆಯುತ್ತದೆ. ನಿಮ್ಮದೇ ಡಿಸ್ಕಿನಿಂದಾದರೆ ಈ ಪ್ರಯಾಣವೇ ಇಲ್ಲ.

ದೂರದ ಮತ್ತು ನಿಧಾನದ ಈ ತೊಂದರೆ ಕಂಪ್ಯೂಟರಿನ ಒಳಗೂ ಇತ್ತು. ಅದನ್ನು ನೋಡಲು ಕೋಲ್ಕತ್ತದ ಇನ್ನೊಂದು ಮೂಲೆಗೆ, ಬರಾನಗರಕ್ಕೆ ಹೋಗಬೇಕು. ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಲ್ಲಿದೆ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1941ರಲ್ಲಿ ಈ ಸಂಸ್ಥೆಗೆ ಕಲಿಯಲು ಸೇರಿ, ಮುಂದೆ ಜಗತ್ತೇ ಗೌರವಿಸುವ ಸಂಖ್ಯಾಶಾಸ್ತ್ರಜ್ಞರಾದರು. ದೇಶದ ಬೆಳೆ ಎಷ್ಟು, ಮನೆಗಳ ಖರ್ಚು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದ ಆ ಸಂಸ್ಥೆಯಲ್ಲಿ ಸಂಖ್ಯೆಗಳ ರಾಶಿಯೇ ರಾಶಿ. ಕೈಯಲ್ಲಿ ಮಾಡಿ ಮುಗಿಯುವ ಕೆಲಸ ಅದಾಗಿರಲಿಲ್ಲ. 1950ರ ದಶಕದ ನಡುವಿನಲ್ಲಿ ಇಂಗ್ಲೆಂಡಿನಿಂದ ಒಂದು ಯಂತ್ರವನ್ನು ತರಿಸಿದರು. ಹೆಚ್‌ಇಸಿ–2ಎಂ ಎಂದು ಅದರ ಹೆಸರು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಅದೇ.

ಆ ಯಂತ್ರದ ನೆನಪು ಒಂದು ತಿರುಗುವ ಉರುಳೆಯಲ್ಲಿತ್ತು. ಉರುಳೆಯ ಮೈಗೆ ಕಾಂತೀಯ ಲೇಪ, ಅದರ ಮೇಲೆ 1,024 ಸಂಖ್ಯೆಗಳಿಗೆ ಜಾಗ. ಅಷ್ಟೇ! ಇಂದು ನೀವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋದ ಮೂಲೆಯೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಉರುಳೆ ನೆನಪಿನಲ್ಲಿ ಇನ್ನೊಂದು ತೊಡಕೂ ಇತ್ತು. ಓದುವ ತಲೆ ಒಂದೇ ಕಡೆ ನಿಂತಿರುತ್ತದೆ. ಬೇಕಾದ ಸಂಖ್ಯೆ ಉರುಳೆಯ ಆಚೆ ಬದಿಯಲ್ಲಿದ್ದರೆ ಅದು ತಿರುಗಿ ತಲೆಯ ಕೆಳಗೆ ಬರುವವರೆಗೆ ಇಡೀ ಯಂತ್ರ ಸುಮ್ಮನೆ ಕಾಯಬೇಕು. ಅದಕ್ಕೇ ಇಂಥ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದವರು ಯಾವ ಸಂಖ್ಯೆಯನ್ನು ಉರುಳೆಯ ಎಲ್ಲಿ ಬರೆದರೆ ಬೇಕಾದ ಹೊತ್ತಿಗೆ ಸರಿಯಾಗಿ ಎದುರಿಗೆ ಬರುತ್ತದೆ ಎಂದು ಕೂತು ಯೋಚಿಸುತ್ತಿದ್ದರು. ಆ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ.

1965ರಲ್ಲಿ ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ಒಂದು ಪುಟ್ಟ ಲೇಖನ ಬರೆದರು. ದೊಡ್ಡದಾದ ಆದರೆ ನಿಧಾನದ ನೆನಪಿನ ಜೊತೆಗೆ, ಚಿಕ್ಕದಾದ ಆದರೆ ಚುರುಕಾದ ಇನ್ನೊಂದು ನೆನಪನ್ನು ಇಡೋಣ. ಈಗಷ್ಟೇ ಬಳಸಿದ್ದರ ಪ್ರತಿ ಅದರಲ್ಲಿರಲಿ. ಏಕೆಂದರೆ ಈಗ ಬೇಕಾದದ್ದು ಇನ್ನೊಂದು ಕ್ಷಣದಲ್ಲಿ ಮತ್ತೆ ಬೇಕಾಗುವ ಸಂಭವ ಹೆಚ್ಚು. ಇದು ಅವರ ವಿಚಾರ. 1968ರಲ್ಲಿ ಐಬಿಎಂ ಕಂಪನಿ ಇದೇ ವಿಚಾರವನ್ನು ತನ್ನ ದೊಡ್ಡ ಕಂಪ್ಯೂಟರೊಂದರಲ್ಲಿ ಅಳವಡಿಸಿತು. ಇಂದು ನಿಮ್ಮ ಮೊಬೈಲಿನ ಚಿಪ್ಪಿನೊಳಗೂ ಅದೇ ಇದೆ. ಬ್ರೌಸರಿನ ಕ್ಯಾಶ್ ಅದರ ಕಿರಿಯ ಸಂಬಂಧಿ.

ಇಂಟರ್ನೆಟ್ ಮನೆಗೆ ಬಂದ ಕಾಲದಲ್ಲಿ ಕ್ಯಾಶ್ ಇಲ್ಲದಿದ್ದರೆ ಬಹಳ ಕಷ್ಟವಾಗುತ್ತಿತ್ತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮೊದಲ ದಿನವೇ ಅದು ತಲುಪಿದ ನಾಲ್ಕು ನಗರಗಳಲ್ಲಿ ಕೋಲ್ಕತ್ತವೂ ಒಂದು. ಆಗ ದೂರವಾಣಿ ತಂತಿಯ ಮೂಲಕ ಸಿಗುತ್ತಿದ್ದ ವೇಗ ಸೆಕೆಂಡಿಗೆ 9,600 ಬಿಟ್. ನೂರು ಕಿಲೋಬೈಟಿನ ಒಂದು ಸಣ್ಣ ಚಿತ್ರವೆಂದರೆ ಸುಮಾರು 8,20,000 ಬಿಟ್. ಭಾಗಿಸಿ ನೋಡಿ: ಒಂದು ಚಿತ್ರಕ್ಕೆ ಹೆಚ್ಚುಕಡಿಮೆ ಒಂದೂವರೆ ನಿಮಿಷ!

ಇಷ್ಟು ಉಪಕಾರಿಯಾದ ವಸ್ತುವನ್ನು ಅಳಿಸುವುದು ಏಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಕಲಿಗೆ ಒಂದು ದೋಷವಿದೆ: ಮೂಲ ಬದಲಾದದ್ದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಕೋಲ್ಕತ್ತದ ಒಂದು ಶಾಲೆ ದುರ್ಗಾಪೂಜೆಯ ರಜೆಯ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಚಿತ್ರವಾಗಿ ಹಾಕಿದೆ ಎಂದುಕೊಳ್ಳಿ. ಒಬ್ಬ ಹುಡುಗಿ ಅದನ್ನು ಸೋಮವಾರ ನೋಡುತ್ತಾಳೆ. ಬುಧವಾರ ಶಾಲೆಯವರು ತಾರೀಖು ತಿದ್ದಿ ಅದೇ ಹೆಸರಿನ ಹೊಸ ಚಿತ್ರ ಹಾಕುತ್ತಾರೆ. ಗುರುವಾರ ಅವಳು ಮತ್ತೆ ನೋಡಿದರೆ ಹಳೆಯ ಪಟ್ಟಿಯೇ ಕಾಣಬಹುದು. ಪಕ್ಕದ ಮನೆಯ ಗೆಳತಿಗೆ ಮಾತ್ರ ಹೊಸದು ಕಾಣುತ್ತದೆ, ಏಕೆಂದರೆ ಅವಳ ಕಂಪ್ಯೂಟರಿನಲ್ಲಿ ಹಳೆಯ ನಕಲು ಇರಲೇ ಇಲ್ಲ.

ಇದಕ್ಕೂ ವಿಜ್ಞಾನಿಗಳು ಉಪಾಯ ಮಾಡಿದ್ದಾರೆ. ಸರ್ವರ್ ಒಂದು ಫೈಲನ್ನು ಕಳಿಸುವಾಗ, ಇದನ್ನು ಎಷ್ಟು ಸೆಕೆಂಡುಗಳ ಕಾಲ ನಂಬಬಹುದು ಎಂದು ಜೊತೆಗೇ ಹೇಳಿ ಕಳಿಸಬಲ್ಲದು. ಬದಲಾಗದ ಫೈಲುಗಳಿಗೆ 3,15,36,000 ಎಂಬ ಅಂಕಿಯನ್ನು ಬರೆಯುವುದು ವಾಡಿಕೆ. ಅದು ಎಲ್ಲಿಂದ ಬಂತು ಗೊತ್ತೇ? 365ನ್ನು 24ರಿಂದ, ಬಂದದ್ದನ್ನು 60ರಿಂದ, ಮತ್ತೊಮ್ಮೆ 60ರಿಂದ ಗುಣಿಸಿ. ಅವಧಿ ಮುಗಿದ ಮೇಲೆ ಬ್ರೌಸರ್ ಸರ್ವರನ್ನು ಕೇಳುತ್ತದೆ: ನನ್ನ ಬಳಿ ಇರುವ ಪ್ರತಿಯ ಗುರುತು ಇದು, ಏನಾದರೂ ಬದಲಾಗಿದೆಯೇ? ಬದಲಾಗಿಲ್ಲದಿದ್ದರೆ ಸರ್ವರ್ ಇಡೀ ಫೈಲನ್ನು ಕಳಿಸದೆ 304 ಎಂಬ ಚಿಕ್ಕ ಉತ್ತರವನ್ನಷ್ಟೇ ಕೊಡುತ್ತದೆ. ಎಂಥ ಮಿತವ್ಯಯ ನೋಡಿ! ಆದರೂ ಜಾಲತಾಣ ಮಾಡಿದವರು ಅವಧಿಯನ್ನು ಸರಿಯಾಗಿ ಹೇಳದಿದ್ದರೆ, ಅಥವಾ ಅರ್ಧ ಹೊಸತು ಅರ್ಧ ಹಳತು ಸೇರಿಕೊಂಡರೆ ಪುಟ ಕೆಟ್ಟು ಕಾಣುತ್ತದೆ.

ಆಗ ಮೊದಲೇ ಎಲ್ಲವನ್ನೂ ಅಳಿಸಬೇಡಿ. ಆ ಪುಟ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ಆ ಒಂದು ಪುಟವನ್ನು ಮಾತ್ರ ಸರ್ವರಿನಿಂದ ಹೊಸದಾಗಿ ತರಿಸುತ್ತದೆ. ಬಹಳ ಸಲ ಇಷ್ಟೇ ಸಾಕು.

ಸಾಲದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಇಲ್ಲಿ ಆತುರ ಬೇಡ, ಒಂದೊಂದು ಸಾಲನ್ನೂ ಓದಿ. ಎಷ್ಟು ಹಿಂದಿನವರೆಗಿನದನ್ನು ಅಳಿಸಬೇಕೆಂದು ಮೇಲೆ ಕೇಳಿರುತ್ತದೆ: ಒಂದು ಗಂಟೆಯದೇ, ಒಂದು ದಿನದ್ದೇ, ಮೊದಲಿನಿಂದ ಇರುವುದೆಲ್ಲವೇ? ಕೆಳಗೆ ಬೇರೆ ಬೇರೆ ಬಗೆಯ ವಸ್ತುಗಳ ಮುಂದೆ ಗುರುತು ಹಾಕುವ ಚೌಕಗಳಿರುತ್ತವೆ. ಪ್ರತಿ ಚೌಕದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ಮೂಲ ಎಲ್ಲಿದೆ?

‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಎಂದಿದ್ದರೆ ಅದರ ಮೂಲ ಸರ್ವರಿನಲ್ಲಿದೆ. ಧೈರ್ಯವಾಗಿ ಗುರುತು ಹಾಕಿ. ‘ಕುಕೀಸ್’ ಎಂಬುದು ಬೇರೆ. ನೀವು ಯಾರು, ಲಾಗಿನ್ ಆಗಿದ್ದೀರಾ ಎಂದು ಜಾಲತಾಣ ಗುರುತಿಸುವುದು ಆ ಪುಟ್ಟ ಟಿಪ್ಪಣಿಗಳಿಂದ. ಅವು ಹೋದರೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ನೆನಪಿಲ್ಲದ ಅಜ್ಜನಿಗೆ ಅದು ದೊಡ್ಡ ತೊಂದರೆ. ‘ಹಿಸ್ಟರಿ’ ಎಂದರೆ ನೀವು ಹೋದ ಪುಟಗಳ ಪಟ್ಟಿ. ‘ಪಾಸ್‌ವರ್ಡ್ಸ್’ ಎಂಬ ಚೌಕವೂ ಕೆಲವೆಡೆ ಇರುತ್ತದೆ. ಅಮ್ಮ ಅಪ್ಪ ಉಳಿಸಿಟ್ಟ ಪಾಸ್‌ವರ್ಡುಗಳ ಪ್ರತಿ ಬೇರೆಲ್ಲೂ ಇಲ್ಲದೆ ಇರಬಹುದು. ಆ ಚೌಕವನ್ನು ಮುಟ್ಟಲೇಬೇಡಿ. ಕೆಲವು ಚೌಕಗಳಲ್ಲಿ ಗುರುತು ಮೊದಲೇ ಬಿದ್ದಿರುತ್ತದೆ. ಬೇಡದ್ದನ್ನು ತೆಗೆದು, ಕ್ಯಾಶ್ ಒಂದನ್ನೇ ಉಳಿಸಿಕೊಂಡು ಆಮೇಲೆ ಅಳಿಸಿ. ಎಲ್ಲರೂ ಬಳಸುವ ಕಂಪ್ಯೂಟರಾದರೆ ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ಬ್ರೌಸರ್ ತನ್ನ ಪ್ರತಿಗಳನ್ನು ಇಡುವ ಫೋಲ್ಡರನ್ನು ಹುಡುಕಿ ಕೈಯಾರೆ ಫೈಲುಗಳನ್ನು ಅಳಿಸಲು ಹೋಗಬೇಡಿ. ಫೈರ್‌ಫಾಕ್ಸ್‌ನಲ್ಲಿ ಆ ಫೋಲ್ಡರಿನ ಹೆಸರು ‘ಕ್ಯಾಶ್2’. ಒಳಗೆ ನೋಡಿದರೆ ಅರ್ಥವಾಗದ ಉದ್ದುದ್ದ ಹೆಸರುಗಳು. ಯಾವ ಹೆಸರು ಯಾವ ಚಿತ್ರದ್ದು ಎಂಬ ಲೆಕ್ಕವನ್ನು ಬ್ರೌಸರ್ ತಾನೇ ಇಟ್ಟಿರುತ್ತದೆ. ಅದು ಕೆಲಸ ಮಾಡುತ್ತಿರುವಾಗ ನಡುವೆ ಕೈಹಾಕಿದರೆ ಲೆಕ್ಕ ತಪ್ಪುತ್ತದೆ. ಇನ್ನೂ ದೊಡ್ಡ ಅಪಾಯ, ಆ ಫೋಲ್ಡರಿನ ಆಸುಪಾಸಿನಲ್ಲೇ ಕಂಪ್ಯೂಟರಿಗೆ ಬೇಕಾದ ಬೇರೆ ಫೈಲುಗಳು ಇರುತ್ತವೆ. ಹಾಗೆಯೇ, ನಿಮ್ಮ ಕಂಪ್ಯೂಟರಿನಲ್ಲಿ ಕಸ ತುಂಬಿದೆ, ಇಲ್ಲಿ ಒತ್ತಿದರೆ ಸ್ವಚ್ಛ ಮಾಡುತ್ತೇವೆ ಎಂದು ಪರದೆಯ ಮೇಲೆ ಮಿನುಗುತ್ತಾ ಬರುವ ಜಾಹೀರಾತುಗಳನ್ನು ಖಂಡಿತ ಒತ್ತಬೇಡಿ. ಕ್ಯಾಶ್ ಕಸವಲ್ಲ. ಜಾಗದ ಮಿತಿ ತುಂಬಿದಾಗ ಬಹಳ ದಿನ ಮುಟ್ಟದ ಪ್ರತಿಗಳನ್ನು ಬ್ರೌಸರ್ ತಾನೇ ತೆಗೆದುಹಾಕುತ್ತದೆ. ವಾರಕ್ಕೊಮ್ಮೆ ಅಳಿಸುವ ಅಗತ್ಯ ಯಾರಿಗೂ ಇಲ್ಲ.

ಶಾಲೆಯ ಅಥವಾ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಕೂತಾಗ ಮಾತ್ರ ಲೆಕ್ಕ ಬೇರೆ. ನೀವು ನೋಡಿದ ಚಿತ್ರಗಳು ಅಲ್ಲೇ ಉಳಿದರೆ ಮುಂದೆ ಬಂದು ಕೂರುವವರಿಗೆ ಸುಳಿವು ಸಿಗಬಹುದು. ಎದ್ದು ಬರುವ ಮೊದಲು ಲಾಗೌಟ್ ಆಗಿ, ಕ್ಯಾಶ್, ಹಿಸ್ಟರಿ, ಕುಕೀಸ್ ಮೂರನ್ನೂ ಅಳಿಸುವುದು ಅಲ್ಲಿ ಸರಿ.

ಕ್ಯಾಶ್ ಇನ್ನೊಂದು ರೀತಿಯಲ್ಲೂ ಗುಟ್ಟು ಬಿಟ್ಟುಕೊಡುತ್ತಿತ್ತು. 2000ದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಮೈಕೆಲ್ ಷ್ನೈಡರ್ ಅದನ್ನು ತೋರಿಸಿಕೊಟ್ಟರು. ಒಂದು ಜಾಲತಾಣ ಇನ್ನೊಂದು ಜಾಲತಾಣದ ಚಿತ್ರವನ್ನು ನಿಮ್ಮ ಬ್ರೌಸರಿನಿಂದ ತರಿಸುತ್ತಾ ಹೊತ್ತು ಅಳೆಯುತ್ತದೆ. ತಕ್ಷಣ ಬಂದರೆ ಅದು ಕ್ಯಾಶಿನಲ್ಲಿತ್ತು, ಅಂದರೆ ನೀವು ಆ ಜಾಲತಾಣಕ್ಕೆ ಮೊದಲೇ ಹೋಗಿದ್ದೀರಿ! ಬರೀ ಗಡಿಯಾರದಿಂದ ಕದ್ದು ನೋಡುವುದು ಎಂದರೆ ಇದೇ. ಸಫಾರಿ ಎಂಬ ಬ್ರೌಸರ್ 2013ರಲ್ಲೇ ಎಚ್ಚೆತ್ತಿತು. ಕ್ರೋಮ್ 2020ರ ಕೊನೆಯಲ್ಲಿ, ಫೈರ್‌ಫಾಕ್ಸ್ 2021ರ ಜನವರಿಯಲ್ಲಿ ಅದೇ ದಾರಿ ಹಿಡಿದವು. ಈಗ ಈ ಬ್ರೌಸರುಗಳಲ್ಲಿ ಪ್ರತಿ ಜಾಲತಾಣಕ್ಕೂ ಬೇರೆ ಬೇರೆ ಮೇಜು. ಒಂದರ ಮೇಜಿನಲ್ಲಿ ಏನಿದೆ ಎಂದು ಇನ್ನೊಂದು ಇಣುಕಲಾರದು. ಒಂದೇ ಫಾಂಟಿನ ಎರಡು ಮೂರು ನಕಲುಗಳು ಡಿಸ್ಕಿನಲ್ಲಿ ಕೂರುತ್ತವೆ ನಿಜ. ನಿಮ್ಮ ಗುಟ್ಟಿಗಾಗಿ ತೆರುವ ಆ ಬೆಲೆ ದುಬಾರಿಯಲ್ಲ ಎಂದೇ ನನಗನ್ನಿಸುತ್ತದೆ.

ಇದೆಲ್ಲ ಕಣ್ಣಾರೆ ನೋಡಬೇಕೆ? ಕ್ರೋಮ್ ಅಥವಾ ಎಡ್ಜ್‌ನಲ್ಲಿ ಚಿತ್ರಗಳಿರುವ ಯಾವುದಾದರೂ ಪುಟ ತೆರೆದು ಎಫ್12 ಕೀಲಿ ಒತ್ತಿ, ‘ನೆಟ್‌ವರ್ಕ್’ ಎಂಬಲ್ಲಿಗೆ ಹೋಗಿ. ಪುಟವನ್ನು ಮಾಮೂಲಿಯಾಗಿ ರೀಲೋಡ್ ಮಾಡಿ. ಬಂದ ಫೈಲುಗಳೆಲ್ಲ ಸಾಲಾಗಿ ಕಾಣುತ್ತವೆ. ‘ಸೈಜ್’ ಎಂಬ ಕಾಲಂನಲ್ಲಿ ಕೆಲವುಗಳ ಮುಂದೆ ಅಂಕಿಯ ಬದಲು ‘ಡಿಸ್ಕ್ ಕ್ಯಾಶ್’ ಅಥವಾ ‘ಮೆಮೊರಿ ಕ್ಯಾಶ್’ ಎಂದಿರುತ್ತದೆ. ಅವು ಸರ್ವರಿನಿಂದ ಬಂದವಲ್ಲ. ಅದೃಷ್ಟವಿದ್ದರೆ ‘ಸ್ಟೇಟಸ್’ ಕಾಲಂನಲ್ಲಿ ಒಂದೆರಡು 304 ಕೂಡ ಸಿಗುತ್ತವೆ. ಎಷ್ಟು ಹೊತ್ತು ಹಿಡಿಯಿತೆಂದು ‘ಟೈಮ್’ ಕಾಲಂನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಈಗ ಕಂಟ್ರೋಲ್, ಶಿಫ್ಟ್, ಆರ್ ಒತ್ತಿ, ಅದೇ ಸಾಲುಗಳನ್ನು ಮತ್ತೊಮ್ಮೆ ನೋಡಿ, ಎರಡೂ ಸಲದ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ.