ಹಳೇ ಲೆಕ್ಕ, ಹೊಸ ತಂತ್ರಾಂಶ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆಗಿನ ಲೆಕ್ಕವೆಲ್ಲ ಕೈಬರಹದ್ದು. ಈಗ ಖಿರ್ದಿ, ಲೆಡ್ಜರು ಎಲ್ಲಾ ಕಂಪ್ಯೂಟರಿನೊಳಗೆ ಹೋಗಿವೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಹೀಗಾಗಿ ಅನೇಕ ಸಂಘಗಳಿಗೆ ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋಗುವ ಕೆಲಸ ಬಂದಿದೆ. ಆಗ ನಿಮ್ಮ ಷೇರು, ಠೇವಣಿ, ಸಾಲದ ಲೆಕ್ಕ ಏನಾಗ್ತದೆ ಅನ್ನೋದನ್ನು ನಾಲ್ಕು ಮಾತಿನಲ್ಲಿ ಹೇಳ್ತೀನಿ.

ತಂತ್ರಾಂಶ ಬೇರೆ, ಅದರೊಳಗಿನ ಲೆಕ್ಕ ಬೇರೆ. ಕಣಜ ಹೊಸದಾಗಿ ಕಟ್ಟಬಹುದು, ಒಳಗಿನ ಕಾಳು ಮಾತ್ರ ನಿಮ್ಮದೇ. ಆ ಲೆಕ್ಕದ ಸಂಗ್ರಹಕ್ಕೆ ಡೇಟಾಬೇಸ್ ಅಂತಾರೆ. ಅದರ ಪ್ರತಿ ತೆಗೆದಿಡೋದು ಬ್ಯಾಕಪ್, ಆ ಪ್ರತಿಯಿಂದ ಲೆಕ್ಕವನ್ನು ಮತ್ತೆ ಎಬ್ಬಿಸೋದು ರಿಸ್ಟೋರ್.

ಮೊದಲನೆಯ ಮಾತು. ಹಳೆಯ ಆವೃತ್ತಿಯ ಬ್ಯಾಕಪ್ ಸಾಮಾನ್ಯವಾಗಿ ಹೊಸದರಲ್ಲಿ ತೆರೆಯುತ್ತದೆ. ಹೊಸದರಲ್ಲಿ ತೆಗೆದದ್ದು ಹಳೆಯದರಲ್ಲಿ ತೆರೆಯೋದಿಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ನೋಡಿ. ಅದರ 2000ರ ಆವೃತ್ತಿಯ ಬ್ಯಾಕಪ್ 2012ರ ಆವೃತ್ತಿಗೆ ನೇರವಾಗಿ ಹೋಗೋದಿಲ್ಲ. ನಡುವೆ 2005 ಅಥವಾ 2008ರ ಮೆಟ್ಟಿಲು ಹತ್ತಲೇಬೇಕು. ಆದ್ದರಿಂದ ಬದಲಾವಣೆಯ ಹಿಂದಿನ ದಿನದ ಬ್ಯಾಕಪ್ಪಿನ ಜೊತೆ ಹಳೆಯ ತಂತ್ರಾಂಶವನ್ನೂ ಅದರ ಆವೃತ್ತಿ ಸಂಖ್ಯೆಯನ್ನೂ ಜೋಪಾನ ಮಾಡಬೇಕು. ಇಲ್ಲದಿದ್ದರೆ ಹಿಂದಕ್ಕೆ ಬರೋ ದಾರಿ ಮುಚ್ಚಿದಂತೆ.

ಎರಡನೆಯದು. ವ್ಯವಹಾರ ನಿಲ್ಲಿಸಿ, ಆ ದಿನದ ಖಿರ್ದಿ ಮುಗಿಸಿ, ಆಮೇಲೆ ಪ್ರತಿ ತೆಗೆಯಬೇಕು. ಮೂರು ಪ್ರತಿ ಇರಲಿ, ಒಂದು ಕಚೇರಿಯ ಹೊರಗೆ ಭದ್ರವಾಗಿರಲಿ. ಅದೇ ಕಂಪ್ಯೂಟರಿನಲ್ಲಿ ಇಟ್ಟ ಪ್ರತಿ, ಆ ಯಂತ್ರ ಸುಟ್ಟ ದಿನ ತಾನೂ ಹೋಗ್ತದೆ.

ಮೂರನೆಯದು. ಬಿತ್ತನೆಗೆ ಮುಂಚೆ ನೂರು ಕಾಳು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮೊಳಕೆ ನೋಡ್ತೀರಲ್ಲ, ಹಾಗೇ ಬ್ಯಾಕಪ್ಪನ್ನೂ ಬೇರೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಪ್ರತಿಯನ್ನು ನಂಬಿ ಕೂರಬಾರದು.

ಇನ್ನು ಮುಖ್ಯವಾದದ್ದು, ರಿಸ್ಟೋರ್ ಆದ ಮೇಲಿನ ತಾಳೆ. ಬದಲಾವಣೆಗೆ ಮುಂಚೆಯೇ ತಾಳೆಪಟ್ಟಿ ಮತ್ತು ಸದಸ್ಯವಾರು ಬಾಕಿ ಪಟ್ಟಿ ಮುದ್ರಿಸಿ ಸಹಿ ಹಾಕಿಸಿಡಬೇಕು. ಆಮೇಲೆ ಸದಸ್ಯರ ಸಂಖ್ಯೆ, ಷೇರು ಬಂಡವಾಳ, ಠೇವಣಿ, ಸಾಲ, ನಗದು ಶಿಲ್ಕು, ಕೊನೆಯ ರಸೀದಿ ನಂಬರು ಒಂದೊಂದಾಗಿ ಹೋಲಿಸಬೇಕು. ಮೊತ್ತ ಸರಿಬಂತು ಅಂತ ಸುಮ್ಮನಾಗಬೇಡಿ. ರಾಮಣ್ಣನ ಠೇವಣಿ ಭೀಮಣ್ಣನ ಖಾತೆಗೂ, ಭೀಮಣ್ಣನದು ರಾಮಣ್ಣನ ಖಾತೆಗೂ ಹೋದರೆ ಒಟ್ಟು ಮೊತ್ತದಲ್ಲಿ ಒಂದು ಪೈಸೆಯೂ ವ್ಯತ್ಯಾಸ ಬರೋದಿಲ್ಲ!

ತಾರೀಖು ಇನ್ನೂ ಸೂಕ್ಷ್ಮ. ನಾವು 5-3 ಅಂತ ಬರೆದರೆ ಮಾರ್ಚ್ 5. ತಿಂಗಳನ್ನು ಮೊದಲು ಓದುವ ತಂತ್ರಾಂಶಕ್ಕೆ ಅದು ಮೇ 3. ಗಡುವು ಏಪ್ರಿಲ್‌ನಲ್ಲಿದ್ದರೆ, ಮೊದಲೇ ಸಾಲ ಕಟ್ಟಿದ ರೈತ ಸುಸ್ತಿದಾರನಾಗಿ ಕಾಣ್ತಾನೆ. ಶೂನ್ಯ ಬಡ್ಡಿಯ ಸವಲತ್ತಿಗೇ ಕುತ್ತು. ಕನ್ನಡದ ಹೆಸರುಗಳದ್ದೂ ಇದೇ ಕಥೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ತುಂಬಿದ ಹೆಸರು ಪರಿವರ್ತನೆ ಇಲ್ಲದೆ ಯೂನಿಕೋಡ್ ತಂತ್ರಾಂಶಕ್ಕೆ ಬಂದರೆ ಓದಲಾಗದ ವಿಚಿತ್ರ ಗುರುತುಗಳಾಗಿ ಕಾಣ್ತವೆ. ತೀರಿಕೊಂಡ ಗಂಡನ ಠೇವಣಿ ಕೇಳಲು ಬಂದ ತಾಯಿಗೆ 'ಹೆಸರೇ ಇಲ್ಲ' ಎಂಬ ಉತ್ತರ ಸಿಗಬಾರದು ಅಲ್ಲವೆ?

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ: ಒಂದು ತಿಂಗಳಾದರೂ ಹಳೆಯದು, ಹೊಸದು ಎರಡರಲ್ಲೂ ಲೆಕ್ಕ ಬರೆಯಿಸಿ. ತಾಳೆಯ ದಿನ ಇಬ್ಬರು ನಿರ್ದೇಶಕರು ಹಾಜರಿರಲಿ. ಇದು ಕಾರ್ಯದರ್ಶಿ ಒಬ್ಬರ ತಲೆಗೆ ಕಟ್ಟುವ ಕೆಲಸವಲ್ಲ. ಲೆಕ್ಕಪರಿಶೋಧನೆ ಮುಗಿಯುವ ತನಕ ಹಳೆಯದನ್ನು ಅಳಿಸಬೇಡಿ.

ಸದಸ್ಯರಲ್ಲಿಯೂ ಒಂದು ಮಾತು. ಪಾಸ್‌ಬುಕ್ಕು, ರಸೀದಿ ಜೋಪಾನವಾಗಿಡಿ. ಹೊಸ ತಂತ್ರಾಂಶ ಬಂದ ಮೇಲೆ ಒಮ್ಮೆ ಕಚೇರಿಗೆ ಬಂದು ಹೆಸರು, ಬಾಕಿ, ತಾರೀಖು ನೋಡ್ಕೊಂಡು ಹೋಗಿ. ಇದು ಅನುಮಾನ ಪಡೋದಲ್ಲ, ಸದಸ್ಯನ ಹಕ್ಕು.

ಇಪ್ಪತ್ತೈದು ವರ್ಷ ಸಂಘ ನಿಂತದ್ದು ಲೆಕ್ಕದ ಮೇಲಿನ ನಂಬಿಕೆಯಿಂದ. ಪುಸ್ತಕ ಬದಲಾದರೂ ಆ ನಂಬಿಕೆ ಉಳಿಯಲಿ, ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.