ನಾಚಿಕೆಗೆ ತೆತ್ತ ಬೆಲೆ



ಸಾಲ ಬೇಕೆ, ಸೈಟು ಬೇಕೆ ಎಂದು ನಮ್ಮೆಲ್ಲರ ಮೊಬೈಲಿಗೂ ದಿನಕ್ಕೆ ನಾಲ್ಕಾರು ಕರೆಗಳು ಬರುತ್ತವೆ. ಬೈದು ಇಟ್ಟುಬಿಡುತ್ತೇವೆ. ಕಳೆದ ವರ್ಷ ನನಗೆ ಬಂದ ಕರೆ ಬೇರೆ ಬಗೆಯದು. 'ನಿಮ್ಮ ಸಂಖ್ಯೆ ಎರಡು ಗಂಟೆಯಲ್ಲಿ ಬಂದ್ ಆಗಲಿದೆ, ವಿವರಕ್ಕೆ 9 ಒತ್ತಿ' ಎಂದಿತು ಯಂತ್ರದ ಧ್ವನಿ. ಒತ್ತಿದೆ.

ಆಮೇಲೆ ಮನುಷ್ಯರು ಮಾತಿಗೆ ಬಂದರು. ನನ್ನ ಆಧಾರ್ ಬಳಸಿ ಯಾರೋ ಅಕ್ರಮ ಹಣದ ವ್ಯವಹಾರ ನಡೆಸಿದ್ದಾರಂತೆ. ವಿಡಿಯೊದಲ್ಲಿ ಪೊಲೀಸ್ ಸಮವಸ್ತ್ರದವನೊಬ್ಬ, 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ. ಮನೆಯವರಿಗೂ ಹೇಳಕೂಡದು. ಹಣವನ್ನು ಪರಿಶೀಲನೆಗೆ ಕಳಿಸಿ, ಆಮೇಲೆ ವಾಪಸ್ ಬರುತ್ತದೆ' ಎಂದ. ನಿವೃತ್ತಿಯ ಹಣದಲ್ಲಿ ನಾಲ್ಕು ಲಕ್ಷ ಕಳಿಸಿದೆ.

ಮೂವತ್ತೆರಡು ವರ್ಷ ನೀರಾವರಿ ಕೆಲಸ ನೋಡಿದವನು ನಾನು. ಸ್ಥಳಕ್ಕೆ ಹೋಗಿ ಟೇಪು ಹಿಡಿಯದೆ ಗುತ್ತಿಗೆದಾರರ ಒಂದು ಬಿಲ್ಲಿಗೂ ಸಹಿ ಹಾಕಿದವನಲ್ಲ. ಅಂದು ಮಾತ್ರ ಏನನ್ನೂ ಅಳೆದು ನೋಡಲಿಲ್ಲ.

ಹಣ ಕಳಿಸಿದ್ದಕ್ಕಿಂತ ದೊಡ್ಡ ತಪ್ಪು ಮುಂದಿನದು. ಇಷ್ಟು ಓದಿದವನೇ ಮೋಸಹೋದನಲ್ಲ ಎಂದು ಜನ ನಗುತ್ತಾರೆಂಬ ನಾಚಿಕೆಯಿಂದ ಎರಡು ದಿನ ಬಾಯಿ ಬಿಡಲಿಲ್ಲ. ವಂಚಕರು ಹಣವನ್ನು ಒಂದೇ ಖಾತೆಯಲ್ಲಿ ಇಡುವುದಿಲ್ಲ, ಬೇರೆ ಬೇರೆ ಖಾತೆಗಳಿಗೆ ಹರಿಸುತ್ತಾರೆ. ಕಾಲುವೆ ಒಡೆದಾಗ ಮೇಲಿನ ಗೇಟು ಬೇಗ ಇಳಿಸಿದಷ್ಟೂ ನೀರು ಉಳಿಯುತ್ತದೆ. ಇದು ನನಗೆ ಗೊತ್ತಿರದ ಪಾಠವೇ? ಮೂರನೆಯ ದಿನ ಮನೆಯಾಕೆಗೆ ಹೇಳಿದೆ. ಬೈಯಲಿಲ್ಲ, 'ಮೊದಲು ಫೋನ್ ಮಾಡಿ' ಎಂದಳು. 1930ಕ್ಕೆ ದೂರು ಕೊಟ್ಟೆವು. ತಡೆಹಿಡಿಯಲು ಸಿಕ್ಕಿದ್ದು ಮೂವತ್ತೆಂಟು ಸಾವಿರ ಮಾತ್ರ.

ಕೆಲವು ಮಾತು ನೆನಪಿಡಿ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಪರದೆಯಲ್ಲಿ ಕಾಣುವ ಸಂಖ್ಯೆಯನ್ನೂ ನಕಲು ಮಾಡಬಹುದು. ಬ್ಯಾಂಕಿನ ಹೆಸರು ಹೇಳಿದರೆ ಕರೆ ಇಟ್ಟು, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ನೀವೇ ಮಾಡಿ. ಜಾಹೀರಾತಿನ ಕರೆಗಳು ಬೇಡವೆಂದು 1909ರಲ್ಲಿ ನೋಂದಾಯಿಸಬಹುದು. ಅದರಿಂದ ಕಿರಿಕಿರಿ ತಗ್ಗೀತು, ಕಳ್ಳರು ನಿಲ್ಲುವುದಿಲ್ಲ. ಹಣ ಹೋದರೆ ಆ ಗಳಿಗೆಯಲ್ಲೇ 1930.

ಕೊನೆಯ ಮಾತು ಇಲ್ಲಿರುವ ಮಕ್ಕಳಿಗೆ, ಸೊಸೆಯಂದಿರಿಗೆ. ಹಿರಿಯರು ಮೋಸಹೋಗಿ ಬಂದಾಗ 'ಅಷ್ಟೂ ಗೊತ್ತಾಗಲಿಲ್ಲವೇ?' ಎನ್ನಬೇಡಿ. ಆ ಒಂದು ಮಾತಿಗೆ ಹೆದರಿಯೇ ನಾನು ಎರಡು ದಿನ ಸುಮ್ಮನಿದ್ದೆ. ಇಂದು ಈ ಸಭೆಯಲ್ಲಿ ನನ್ನ ನಾಚಿಕೆಯನ್ನು ಬಿಟ್ಟಿದ್ದೇನೆ. ನೀವೂ ಬಿಡಿ.